ಎರಡು ಮೀಟರ್ ದೂರ

ಅಂಬುಜಮ್ಮನ ಗಂಟಲಿನಿಂದಲೇ ಉದಯಶಂಕರನಿಗೆ ಬೆಳಗಾಗುತ್ತಿತ್ತು. ಆಕೆ ಆರಕ್ಕೆ ಸರಿಯಾಗಿ ಪಕ್ಕದ ಹಿತ್ತಲಲ್ಲಿ ನಿಂತು, ನಾಲಿಗೆ ಕೆರೆದು, ಕ್ಯಾಕರಿಸಿ, ಹುಲ್ಲಿನ ಮೇಲೆ ಥೂ ಎಂದು ಉಗಿದರೆ ಇವನ ಬಾಯಲ್ಲಿದ್ದ ಕಾಫಿ ಒಳಗಿಳಿಯುತ್ತಿರಲಿಲ್ಲ. ಪರದೇಶದ ಈ ಪುಕೆಕೊಹೆ ಊರಿನ ಈರುಳ್ಳಿ ಹೊಲದ ನಾತವನ್ನಾದರೂ ತಡೆದುಕೊಳ್ಳಬಹುದು. ಬಾಚಣಿಗೆಯಿಂದ ಕಿತ್ತು ಗಾಳಿಗೆ ಬಿಟ್ಟ ಆ ನರೆಗೂದಲಿನ ಉಂಡೆಗಳು? ಉರುಳಿಕೊಂಡು ಬಂದು ಇವನ ಟೊಮ್ಯಾಟೊ ಗಿಡಕ್ಕೇ ಸಿಕ್ಕಿಕೊಳ್ಳಬೇಕೇ!

ಇಷ್ಟಕ್ಕೇ ಮುಗಿದಿದ್ದರೆ ಸರಿಯಿತ್ತು. ಆಕೆಯ ಅಳಿಯ ಬಾಲು ಅತ್ತೆಗೆಂದು ತನ್ನ ಹಿತ್ತಲಲ್ಲಿ ಗ್ರ್ಯಾನಿ ಫ್ಲ್ಯಾಟ್ ಎಂಬ ಪುಟ್ಟ ಮನೆ ಕಟ್ಟಿಸಲು ಹೊರಟ. ನಡುವಿನ ಪೊದೆಬೇಲಿ ಕಡಿಸಿದ ದಿನ ಧಾರವಾಡದ ಆ ಮುದುಕಿ ಸೊಂಟಕ್ಕೆ ಕೈಕೊಟ್ಟು ನಿಂತು ನಕ್ಕಿತು.

"ಯಾಕ್ರೀ ಅಣ್ಣಾರ, ಮಾರಿ ಹಂಗ್ಯಾಕ ಹುಳ್ಳಗ ಮಾಡೀರಿ? ನನ್ನ ಕಿಡಕಿ ನಿಮ್ಮ ಅಡಗಿಮನಿ ಎದುರಿಗೇ ಬರತೈತಿ. ದಿನಾ ಮಾತಾಡಕೋತ ಚಾ ಕುಡಿಯೂಣಂತ!"

"ಖಂಡಿತಾ ಆಂಟಿ," ಎಂದ ಉದಯಶಂಕರ, ಉಸಿರು ಬಿಗಿಹಿಡಿದು.

ಆ ವಾರವೆಲ್ಲ ಅವನು ನಿಯಮ ಓದಿದ. ಮೊದಲಾದರೆ ಇಂಥ ಮನೆಗೆ ಕೌನ್ಸಿಲ್ ಪರವಾನಗಿ ಬೇಕಿತ್ತು, ಇನ್‌ಸ್ಪೆಕ್ಟರ್ ಬಂದು ಬಂದು ನೋಡುತ್ತಿದ್ದ. ಈಗ ಎಪ್ಪತ್ತು ಚದರ ಮೀಟರ್ ಒಳಗಿನ ಒಂದಂತಸ್ತಿನ ಸರಳ ಮನೆಗೆ ಅದೂ ಬೇಡ. ಕೌನ್ಸಿಲ್‌ಗೆ ಮೊದಲೇ ತಿಳಿಸಿ, ಲೈಸೆನ್ಸ್ ಇರುವ ಬಿಲ್ಡರ್‌ನಿಂದ ಕಟ್ಟಿಸಿದರಾಯಿತು. ಆದರೆ ಗಡಿಯಿಂದ ಎರಡು ಮೀಟರ್ ದೂರ ಇರಲೇಬೇಕು. ತಪ್ಪಿತೋ, ವಿನಾಯಿತಿ ಹೋಯಿತು. ಕೌನ್ಸಿಲ್‌ನವರು ಕೆಡವಿ ಎಂದರೂ ಎನ್ನಬಹುದು. ಕಟ್ಟುವಾಗ ಅಳೆದು ಎಚ್ಚರಿಸಲು ಯಾರೂ ಬರುವುದಿಲ್ಲ. ಆಹಾ, ಎಂಥ ಸೊಗಸಾದ ಕಾನೂನು!

ಪೊದೆ ಹೋದ ಮೇಲೆ ಗಡಿ ಅಂತ ಉಳಿದದ್ದು ಎರಡು ಬಿಳಿ ಗೂಟ. ಬಾಲುವಿನ ಸಂಸಾರ ಮನುಕಾವ್‌ಗೆ ಶಾಪಿಂಗಿಗೆ ಹೋದ ಒಂದು ಶನಿವಾರ ಮಧ್ಯಾಹ್ನ, ಉದಯಶಂಕರ ಅವೆರಡನ್ನೂ ಕಿತ್ತು, ತನ್ನ ಜಾಗದೊಳಕ್ಕೆ ಅರವತ್ತೆರಡು ಸೆಂಟಿಮೀಟರ್ ಸರಿಸಿ ನೆಟ್ಟ. ಹಳೆಯ ಕುಳಿಗೆ ಮಣ್ಣು ತುಂಬಿ, ಮೇಲೆ ಹುಲ್ಲಿನ ಹೆಂಟೆ ಇಟ್ಟು, ನೀರೂ ಹನಿಸಿದ. ತನ್ನ ನೆಲವನ್ನು ತಾನೇ ಬಿಟ್ಟುಕೊಡುವ ದಡ್ಡ ಉಂಟೇ? ನಾಳೆ ಸರ್ವೆಯಾಗಿ ಗೂಟ ಸರಿದದ್ದು ಗೊತ್ತಾಗಲಿ, ಆಗಲೇಬೇಕು. ಜಾಗ ದಕ್ಕಿದ್ದು ಯಾರಿಗೆ? ಬಾಲುವಿಗೆ. ಹಾಗಾದರೆ ಕಳ್ಳ ಯಾರು?

ಬಿಲ್ಡರ್ ಬಂದ, ಗೂಟದಿಂದ ಗೂಟಕ್ಕೆ ದಾರ ಕಟ್ಟಿದ, ಸರಿಯಾಗಿ ಎರಡು ಮೀಟರ್ ಬಿಟ್ಟು ಕಟ್ಟಿದ. ಉದಯಶಂಕರ ನಾಲ್ಕು ತಿಂಗಳು ಕಾದ. ಗೃಹಪ್ರವೇಶಕ್ಕೂ ಹೋದ. ಅಂಬುಜಮ್ಮ ಹೆಬ್ಬೆರಳು ಅದ್ದಿಕೊಂಡೇ ಪಾಯಸದ ಬಟ್ಟಲು ತಂದು ಕೈಗಿಟ್ಟಳು.

"ಆರು ವರ್ಷ ಮಗಳ ಪಡಸಾಲಿ ಸೋಫಾದಾಗ ಮಲಗೀನ್ರಿ ಅಣ್ಣಾರ. ಈಗ ನಂದೂ ಅಂತ ಒಂದು ಬಾಗಲಾ ಆತು ನೋಡ್ರಿ." ಕಣ್ಣೊರೆಸಿದ ಅದೇ ಸೆರಗಿನಿಂದ ಮೂಗೂ ಒರೆಸಿಕೊಂಡಳು.

"ತುಂಬ ಸಂತೋಷ ಆಂಟಿ," ಎಂದು ಇವನು ಪೂರ್ತಿ ಕುಡಿದ. ಮನೆಗೆ ಬಂದು ಸಿಂಕಿಗೆ ಕಕ್ಕಿದ. ಬಾಯಿ ತೊಳೆದು, ಸೋಮವಾರ ದೂರು ಕಳಿಸಿದ.

ಗುರುವಾರ ಸರ್ವೆಯಾಯಿತು. ಶುಕ್ರವಾರ ಕೌನ್ಸಿಲ್‌ನ ಅಧಿಕಾರಿ ಹೆಂಗಸು ಬಂದಳು. "ಅಮ್ಮನಾಣೆ ಮೇಡಂ, ನಾನು ಗೂಟ ಮುಟ್ಟಿಲ್ಲ," ಎಂದು ಬಾಲು ಬೆವರುತ್ತಿದ್ದರೆ ಉದಯಶಂಕರ ಲೊಚಗುಟ್ಟಿದ, ಎಷ್ಟು ಸಲೀಸು! ಆಕೆ ಬಾಲುವನ್ನು ಬಿಟ್ಟು ಇವನತ್ತ ತಿರುಗಿದಳು. "ಗೂಟದಿಂದ ಟೇಪ್ ಹಿಡಿದರೆ ಈ ಗೋಡೆಗೆ ಸರಿಯಾಗಿ ಎರಡು ಮೀಟರ್. ನಿಜವಾದ ಗಡಿ ಎಲ್ಲಿದೆ ಅಂತ ಹುಡುಕೋಕೆ ಸರ್ವೆಯರ್‌ಗೇ ಅರ್ಧ ದಿನ ಹಿಡೀತು," ಎಂದು ಮೆತ್ತಗೆ ಹೇಳಿ ಅವನದೇ ದೂರನ್ನು ಮುಂದೆ ಹಿಡಿದಳು. ಅಂಕಿಯಿಲ್ಲದ ಅರ್ಜಿ ಕಸದ ಬುಟ್ಟಿಗೆ ಎಂದು ಮೈಸೂರಿನ ಆಫೀಸಿನಲ್ಲಿ ಹನ್ನೆರಡು ವರ್ಷ ಕಲಿತಿದ್ದ ಉದಯಶಂಕರ ಆ ಸಾಲಿಗೆ ಅಡಿಗೆರೆ ಬೇರೆ ಎಳೆದಿದ್ದ: ಮನೆಯು ಗಡಿಯಿಂದ ಕೇವಲ ಒಂದು ಮೀಟರ್ ಮೂವತ್ತೆಂಟು ಸೆಂಟಿಮೀಟರ್ ದೂರದಲ್ಲಿದೆ. "ಸರ್ವೆಯರ್ ಲೆಕ್ಕವೂ ಇಷ್ಟೇ, ಒಂದು ಸೆಂಟಿಮೀಟರೂ ಆಚೀಚೆ ಇಲ್ಲ," ಎಂದಳು. "ಸೋಮವಾರವೇ ನೀವು ಟೇಪ್ ಹಿಡಿದದ್ದು ಎಲ್ಲಿಂದ?"