ವಿನೋದಿನಿಯ ಕರಿಮಣಿ

ಸ್ನಾನ ಮುಗಿಸಿ ಬಂದ ವಿನೋದಿನಿ ಹಾಕಿದ ಕೂಗಿಗೆ ಮುಂಬಯಿಯ ಸಾಂತಾಕ್ರೂಜಿನ ಆ ಬಿಲ್ಡಿಂಗಿನ ಬಾಗಿಲುಗಳೆಲ್ಲ ತೆರೆದುಕೊಂಡವು. ಕನ್ನಡಿಯ ಮುಂದೆ ತೆಗೆದಿಟ್ಟಿದ್ದ ಚಿನ್ನದ ಕರಿಮಣಿ ಸರ ಮಾಯವಂತೆ! ಮನೆಯಲ್ಲಿದ್ದವಳು ಪಾತ್ರೆ ತಿಕ್ಕುವ ಸೋಮವ್ವ ಒಬ್ಬಳೇ.

ನೆರೆಯವರೆದುರೇ ಅವಳತ್ತ ಬೆರಳು ತೋರಿಸಿ, "ಕಳ್ಳಿ!" ಎಂದಳು ವಿನೋದಿನಿ. ಸೋಮವ್ವ ವಿಜಾಪುರದ ಕಡೆಯಿಂದ ಬಂದು, ಇದೇ ಬಿಲ್ಡಿಂಗಿನ ಮನೆಗಳಲ್ಲಿ ಪಾತ್ರೆ ತಿಕ್ಕಿ ಹೊಟ್ಟೆ ಹೊರೆಯುತ್ತಿದ್ದವಳು. ಕಳ್ಳಿ ಎನಿಸಿಕೊಂಡರೆ ನಾಳೆಯಿಂದ ಯಾರು ಒಳಗೆ ಬಿಟ್ಟುಕೊಂಡಾರು?

ವಿನೋದಿನಿಯ ಗಂಡ, ಹೋಟೆಲಿನ ಚೆನ್ನಯ, ಪೊಲೀಸರ ಗೊಡವೆ ಬೇಡವೆಂದು ದಾದರಿನಿಂದ ಪತ್ತೇದಾರ ರಮಾನಾಥನನ್ನು ಕರೆಸಿದ. ರೈಲು ಮುಷ್ಕರದ ದಿನಗಳು. ಅವನು ಬಸ್ಸಿನಲ್ಲಿ ಬೆವರಿ ಬಂದು ತಲುಪಿದ. ಮನೆ ಜಾಲಾಡಿದ್ದಾಯಿತು, ಸೋಮವ್ವನ ಚೀಲ ಕೊಡವಿದ್ದಾಯಿತು. ಏನೂ ಇಲ್ಲ.

"ಇವಳಿಗೆ ದುರಾಸೆ ಮಾರಾಯ್ರೇ," ಎಂದಳು ವಿನೋದಿನಿ. "ನನ್ನ ಸರ ಕಂಡರೆ ಕಣ್ಣು ಕೀಳುವುದಿಲ್ಲ."

"ನೋಡೀನ್ರಿ ಸಾಹೇಬ್ರ. ಬಂಗಾರ ಯಾರು ನೋಡೂದಿಲ್ಲ? ಮುಟ್ಟಿಲ್ಲ."

ರಮಾನಾಥ ವಿನೋದಿನಿಯತ್ತ ತಿರುಗಿದ. ಈಗ ಕೊರಳಿಗೆ ಏನು ಕಟ್ಟಿಕೊಂಡಿದ್ದೀರಿ ಎಂದು ಕೇಳಿದ.

"ಅರಿಸಿನ ಕೊಂಬು. ಬರಿಕೊರಳಲ್ಲಿ ಇರ್ಲಿಕ್ಕೆ ಆಗ್ತದಾ?" ಅವಳು ಸೆರಗು ಸರಿಸಿ ದಾರ ತೋರಿಸಿದಳು.

"ಯಾವಾಗ ಕಟ್ಟಿದ್ದು?"

"ಬೆಳಿಗ್ಗೆಯೇ. ಸರ ಹೋದದ್ದು ಗೊತ್ತಾದ ಕೂಡಲೇ."

ರಮಾನಾಥ ಬಗ್ಗಿ ನೋಡಿದ.

"ಇವತ್ತು ಕಟ್ಟಿದ್ದಾದರೆ ಅರಿಸಿನ ಕೊರಳಿಗೂ ರವಿಕೆಗೂ ಹತ್ತಬೇಕಿತ್ತು. ಈ ದಾರದ ಅರಿಸಿನ ಎಷ್ಟೋ ಸ್ನಾನಕ್ಕೆ ತೊಳೆದುಹೋಗಿದೆ, ದಾರ ಬೆವರಿಗೆ ಕಪ್ಪಿಟ್ಟಿದೆ. ಸರ ಹೋಗಿ ದಿನಗಳಾದವು— ಅಲ್ಲವೇ? ಹೊಸ ದಾರ ಕಟ್ಟಿದ್ದರೆ ನನಗೂ ತಿಳಿಯುತ್ತಿರಲಿಲ್ಲ. ಆದರೆ ಕರಿಮಣಿ ಮರಳುವ ಮೊದಲು ಕಟ್ಟಿದ್ದನ್ನು ಬಿಚ್ಚಿದರೆ ಗಂಡನಿಗೆ ಕೇಡು ಎಂದು ಹೆದರಿದಿರಿ. ಚಿನ್ನ ದುಪ್ಪಟ್ಟು ಮಾಡಿಕೊಡುತ್ತೇನೆಂದು ಹೆಂಗಸರ ಒಡವೆ ಪಡೆದ ಬಾಬಾ ಒಬ್ಬ ದಾದರಿನಿಂದ ಪರಾರಿಯಾಗಿದ್ದಾನೆ. ನಿಮ್ಮದೂ ಅವನಿಗೇ ಹೋಯಿತೇ?"

ಚೆನ್ನಯ ಹೆಂಡತಿಯ ಮುಖ ನೋಡಿದ. ಅವಳು ಕುಸಿದು ಕೂತು ಅಳತೊಡಗಿದಳು. ಬಾಬಾ ಓಡಿಹೋದನೆಂದು ತಿಳಿದ ಮೇಲೆ ಗಂಡನಿಗೆ ಹೇಳಲು ಧೈರ್ಯವಾಗಲಿಲ್ಲವಂತೆ, ಅದಕ್ಕೇ ಕಳವಾಯಿತೆಂದು ಕೂಗಿದಳಂತೆ. ದುರಾಸೆಯಲ್ಲವಂತೆ, ಮಗಳ ಮದುವೆಗೆ ಆದೀತೆಂಬ ಒಂದು ಆಸೆ, ಅಷ್ಟೇ.

"ನಿಮ್ಮದಾದರೆ ಆಸೆ..." ಎಂದ ರಮಾನಾಥ ಸೋಮವ್ವನತ್ತ ನೋಡಿದ.

ಚೆನ್ನಯ ತಲೆ ತಗ್ಗಿಸಿ, ಆದದ್ದು ಮನೆಯೊಳಗೇ ಇರಲಿ ಎಂದ. ನಾಳೆಯಿಂದ ಎಂದಿನಂತೆ ಕೆಲಸಕ್ಕೆ ಬಾ ಎಂದು ಸೋಮವ್ವನಿಗೂ ಹೇಳಿದ. ಅವಳು ಒಪ್ಪಲಿಲ್ಲ.

"ಕಳ್ಳಿ ಅಂದಿದ್ದು ಬಿಲ್ಡಿಂಗ್ ಮಂದಿ ಎಲ್ಲಾ ಕೇಳ್ಯಾರ್ರಿ. ಅಲ್ಲ ಅನ್ನೂದೂ ಕೇಳ್ಲಿ."

ವಿನೋದಿನಿ ಕದಲಲಿಲ್ಲ. ಸೋಮವ್ವ ತಾನೇ ಹೋಗಿ ಬಾಗಿಲು ತೆರೆದು, ಹೊರಗೆ ನಿಂತಿದ್ದ ನೆರೆಯವರನ್ನು ಒಳಗೆ ಕರೆದಳು.