ಗಾಜಿನ ಕಪಾಟಿನ ಚಂದ್ರಕಾಳಿ

"ಕಡ್ಡಿ ಕೊರದಿ ಅಂದ್ರ ನಿನ್ನ ಕೈ ಉಳ್ಯಾಂಗಿಲ್ಲ, ದಶರಥ!"

ದಶರಥ ನಕ್ಕ.

ನಗದೇ ಏನು ಮಾಡುತ್ತಾನೆ? ನನ್ನ ಕುತ್ತಿಗೆಯ ಮೇಲೆ ಅವನ ಆಳಿನ ಕುಡುಗೋಲು ಇತ್ತು. ಅವನ ಮುಂದೆ ಕಬ್ಬಿಣದ ದೊಡ್ಡ ಬಾಣಲೆ. ಬಾಣಲೆ ತುಂಬ ಹರಿದ ಜರಿ ಸೀರೆಗಳು. ಅವುಗಳ ಮೇಲೆ ಸೀಮೆಎಣ್ಣೆ... ಎಲ್ಲಕ್ಕೂ ಮೇಲೆ ಒಂದು ಕಪ್ಪು ಸೀರೆ!

ಆ ಸೀರೆ ಸುಟ್ಟರೆ ನನ್ನ ತಮ್ಮ ಜೈಲಿಗೆ.

ಉಳಿದರೆ ನನ್ನ ತಮ್ಮ ಮನೆಗೆ. ಮುಮತಾಜಳ ಹತ್ತಿರ.

ನನಗೆ ಯಾವುದು ಬೇಕಿತ್ತು? ಅವಸರ ಮಾಡಬೇಡಿ. ಮೊದಲಿನಿಂದ ಕೇಳಿ.

ನಾನು ಪೀರಸಾಬ. ವಿಜಾಪುರದಲ್ಲಿ ದೊಡ್ಡವರ ವಸ್ತು ಕಳೆದರೆ ಹುಡುಕಿ ಕೊಡುವವನು. ನನ್ನ ಹತ್ತಿರ ಒಂದು ಹಳೆ ಜಾವಾ ಗಾಡಿ ಇದೆ, ಮುರಿದ ಮೂಗಿದೆ, ಕೆಟ್ಟ ಹೆಸರಿದೆ. ಉಳಿದದ್ದೆಲ್ಲ ತಮ್ಮ ಬಾಬುಸಾಬನಿಗೆ ಹೋಯಿತು. ಬಡಿಗತನದ ಕೈಗುಣ ಅವನದು. ಅಮ್ಮನ ಮುದ್ದು ಅವನಿಗೆ. ಮುಮತಾಜಳನ್ನು ಮೊದಲು ನೋಡಿದವನು ನಾನು... ನಿಕಾಹ್ ಮಾಡಿಕೊಂಡವನು ಅವನು!

ಹೊಟ್ಟೆಕಿಚ್ಚು ಎನ್ನುತ್ತೀರಾ? ಹೌದು. ಅವರ ಮನೆಯ ಮುಂದೆ ಹಾಯುವಾಗ ಒಳಗಿಂದ ನಗು ಕೇಳಿಸಿದರೆ ಈಗಲೂ ನನಗೆ ಅನ್ನ ಇಳಿಯುವುದಿಲ್ಲ.

ಅಂದು ಬೆಳಿಗ್ಗೆ ಅವಳೇ ನನ್ನ ಬಾಗಿಲಿಗೆ ಬಂದಳು.

"ಭಾವಾರ... ಅವರನ್ನ ಪೊಲೀಸರು ಹಿಡಕೊಂಡ ಹೋದರ್ರಿ!"

"ಯಾಕ?"

"ಶಿವಯೋಗೆಪ್ಪ ಸಾವಕಾರ್ರ ಸೀರಿ ಕದ್ದಾರಂತ!"

ಎಮರ್ಜೆನ್ಸಿಯ ಕಾಲ. ಒಳಗೆ ಹೋದವನು ಯಾವಾಗ ಹೊರಗೆ ಬರುತ್ತಾನೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

"ಸೀರಿ ಸಿಕ್ರ ಬಿಡ್ತಾರಂತರಿ. ಅವರು ಬರದಿದ್ರ ನಾ ಬದಕೂದಿಲ್ಲ!"

ನನಗಾಗಿ ಯಾರೂ ಯಾವತ್ತೂ ಅಂಥ ಮಾತು ಆಡಿರಲಿಲ್ಲ. ಗಾಡಿಗೆ ಕಿಕ್ ಹೊಡೆದೆ.

ಸ್ಟೇಷನ್ ರಸ್ತೆಯಲ್ಲಿ ಶಿವಯೋಗೆಪ್ಪನ ಮನೆ. ಹತ್ತಿ ವ್ಯಾಪಾರಿ. ಅವನ ಹಾಲ್ ನೋಡಬೇಕು ನೀವು! ಗೋಡೆಯುದ್ದಕ್ಕೂ ಗಾಜಿನ ಕಪಾಟುಗಳು. ಬೆಳ್ಳಿ ಎಳೆ ಕೂರಿಸಿದ ಬೀದರಿನ ಹುಕ್ಕಾ, ಕಿನ್ನಾಳದ ಬೊಂಬೆಗಳು, ಲಂಬಾಣಿ ಹೆಂಗಸರು ಕನ್ನಡಿ ಕೂರಿಸಿ ಹೊಲಿದ ಲಂಗ. ಊರಿಗೆ ಯಾವ ಸಾಹೇಬ ಬಂದರೂ ಈ ಹಾಲಿಗೆ ಕರೆತಂದು, ಒಂದೊಂದನ್ನೂ ತೋರಿಸಿ, ಚಹಾ ಕುಡಿಸಿಯೇ ಕಳಿಸುತ್ತಿದ್ದ.

ನಟ್ಟನಡುವಿನ ಕಪಾಟು ಖಾಲಿ ಇತ್ತು. ಒಳಗೆ ಬಲ್ಬು ಮಾತ್ರ ಉರಿಯುತ್ತಿತ್ತು.

"ಅದು ಬರೇ ಸೀರಿ ಅಲ್ಲೋ, ಪೀರಸಾಬ," ಎಂದ ಶಿವಯೋಗೆಪ್ಪ. "ನನ್ನ ಶಂಕ್ರಿ ಅದು!"

ಶಂಕ್ರೆವ್ವ ಅವನ ತೀರಿಹೋದ ಮೊದಲ ಹೆಂಡತಿ. ಇಳಕಲ್ಲಿನ ಕಪ್ಪು ಸೀರೆಗೆ, ಅದೇ ಚಂದ್ರಕಾಳಿಗೆ, ಮದುವೆಗೆ ಮುಂಚೆ ತಾನೇ ಕೂತು ಕಸೂತಿ ಹಾಕಿದ್ದಳು. ಸೆರಗಿನ ತುಂಬ ಬೆಳ್ಳಿಯ ಜರಿ. ಕಪಾಟಿನ ಬೀಗ ಮುರಿದಿರಲಿಲ್ಲ. ಹಿಂದಿನ ದಿನ ಅದರ ಬಾಗಿಲು ಸರಿಮಾಡಲು ಬಾಬುಸಾಬ ಬಂದಿದ್ದ. ಪೊಲೀಸರಿಗೆ ಅಷ್ಟು ಸಾಕಾಯಿತು.

ನೀರು ಕೇಳುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಸಾಲಾಗಿ ಹಿತ್ತಾಳೆ ಕೊಡಗಳು. ಎಲ್ಲದರ ಮೇಲೂ ಶಂಕ್ರೆವ್ವನ ಹೆಸರು ಕೊರೆಸಿತ್ತು... ತವರಿನಿಂದ ಬಂದ ಪಾತ್ರೆಗಳು.

ಮೂಲೆಯಲ್ಲಿ ಒಂದು ಸ್ಟೀಲ್ ಕೊಡ. ಥಳಥಳ ಹೊಳೆಯುತ್ತಿತ್ತು. ಅದರ ಮೇಲೆ ಹೊಸದಾಗಿ ಕೊರೆದ ಹೆಸರು, ಅಕ್ಕನಾಗಮ್ಮ.

ಶಿವಯೋಗೆಪ್ಪನ ಎರಡನೇ ಹೆಂಡತಿ!

ಆಗ ಊರಿಗೆಲ್ಲ ಸ್ಟೀಲಿನ ಹುಚ್ಚು ಹಿಡಿದಿತ್ತು. ಹಳೆ ಜರಿ ಸೀರೆ ಕೊಟ್ಟರೆ ಹೊಸ ಪಾತ್ರೆ. ತಗೊಂಡವರು ಸೀರೆ ಸುಟ್ಟು ಬೆಳ್ಳಿ ತೆಗೆಯುತ್ತಿದ್ದರು. ಎಷ್ಟೋ ಮನೆಗಳ ಮದುವೆ ಸೀರೆಗಳು ಹಾಗೆ ಬೂದಿಯಾಗಿದ್ದವು.

ಅಕ್ಕನಾಗಮ್ಮ ಒಲೆಯ ಮುಂದಿದ್ದಳು.

"ಅವ್ವಾರ, ಏನ್ ಕೊಟ್ಟು ತಗೊಂಡ್ರಿ ಈ ಕೊಡಾ?"

ಅವಳು ಒಲೆಗೆ ಕಟ್ಟಿಗೆ ತುರುಕಿದಳು. ನಾನು ಬಿಡಲಿಲ್ಲ.

"ನನ್ನ ತಮ್ಮ ಲಾಕಪ್ಪಿನ್ಯಾಗ ಅದಾನ್ರಿ!"

"ಅಂವನ ಮ್ಯಾಲ ಬರ್ತೈತಿ ಅಂತ ನನಗ ಗೊತ್ತಿರಲಿಲ್ಲೋ ಯಪ್ಪಾ!" ಅವಳ ಕಣ್ಣು ತುಂಬಿದವು. ಮರುಕ್ಷಣವೇ ಕೆಂಪಾದವು. "ಮಂದಿ ಬಂದ್ರ ಚಾ ತರಾಕಿ ನಾನು. ಹೊಗಳಿಸ್ಕೊಳ್ಳಾಕಿ ಅಕಿ! ಸತ್ತಾಕಿ ಹಾಲಿನ್ಯಾಗ ದೀಪಾ ಹಚಗೊಂಡು ನಿಂತಾಳ. ಬದುಕಿದಾಕಿ ಹೊಗ್ಯಾಗ ಕುಂತೇನಿ. ಇಡೀ ಮನ್ಯಾಗ ನನ್ನ ಹೆಸರಿರೂದು ಈ ಕೊಡದ ಮ್ಯಾಲ ಅಷ್ಟ!"

"ಕೀಲಿಕೈ?"

"ಅವರು ಜಳಕಕ್ಕ ಹೋದಾಗ ತಗೊಂಡೆ."

"ಸೀರಿ ಯಾರ ಕಡೆ ಐತಿ?"

"ಭಾಂಡೆ ಮಾರೂ ಶಾಂತಪ್ಪ. ಇವತ್ತ ಟಿಕೋಟಾದಾಗ ಇರ್ತಾನ."

ಅವಳ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ಉರಿ ನನಗೆ ಪರಿಚಯದ್ದು.

ಟಿಕೋಟಾದ ಪೇಟೆಯಲ್ಲಿ ಶಾಂತಪ್ಪ ನನ್ನನ್ನು ನೋಡಿದ್ದೇ ತಡ, ಸೈಕಲ್ ಹತ್ತಿದ! ಹಿಂದೆ ಪಾತ್ರೆಗಳ ಗೋಪುರ, ನಡುವೆ ಮೆಣಸಿನಕಾಯಿ ರಾಶಿ, ಎದುರಿಗೆ ಎಮ್ಮೆ. ಎಮ್ಮೆ ಸರಿಯಲಿಲ್ಲ. ಪಾತ್ರೆಗಳು ಪೇಟೆಯ ತುಂಬ ಉರುಳಿದವು. ಅವನ ಕಾಲರ್ ನನ್ನ ಕೈಗೆ ಬಂತು.

"ಕರೀ ಸೀರಿ ಎಲ್ಲೈತಿ?"

"ಯಾವ ಸೀರಿ? ನನಗೇನ್ ಗೊತ್ತ..."

ಒಂದು ಕೊಟ್ಟೆ.

"ದಶರಥಗ ಮಾರೇನ್ರಿ! ಬಬಲೇಶ್ವರ! ಇವತ್ತ ಸುಡ್ತಾನ... ಹೊಡೀಬ್ಯಾಡ್ರೀ!"

ಬಬಲೇಶ್ವರದ ದಾರಿ ಹಿಡಿದೆ. ಎರಡೂ ಕಡೆ ಜೋಳದ ಹೊಲ, ಒಂದು ನರಪಿಳ್ಳೆಯೂ ಇಲ್ಲ. ಅರ್ಧ ದಾರಿಯಲ್ಲಿ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದೆ.

ಒಂದು ಬೀಡಿ ಸೇದುವಷ್ಟು ತಡವಾದರೆ ಸಾಕಿತ್ತು. ಮಿಕ್ಕದ್ದನ್ನು ಬೆಂಕಿ ನೋಡಿಕೊಳ್ಳುತ್ತಿತ್ತು. ಹುಡುಕಿದೆ, ಸಿಗಲಿಲ್ಲ ಎಂದರೆ ಯಾರು ಅಲ್ಲ ಎನ್ನುತ್ತಾರೆ? ಬಾಬುಸಾಬ ಒಳಗೆ... ಮುಮತಾಜ ಒಬ್ಬಳೇ... ಕಷ್ಟಸುಖ ಕೇಳಲು ಭಾವ ಇದ್ದೇ ಇದ್ದಾನೆ!

ಬೀಡಿ ಬಾಯಿಗಿಟ್ಟೆ.

ಅವಳು ಹೇಳಿದ ಮಾತು ನೆನಪಾಯಿತು. ಬದುಕುವುದಿಲ್ಲ ಎಂದಿದ್ದಳು. ಅವಳು ಸುಮ್ಮಸುಮ್ಮನೆ ಮಾತಾಡುವವಳಲ್ಲ.

ಬೀಡಿ ಉಗುಳಿದೆ. ಗಾಡಿ ಓಡಿಸಿದೆ. ದಶರಥನ ಹಿತ್ತಲಿಗೆ ನುಗ್ಗಿದೆ. ಕುಡುಗೋಲು ಕುತ್ತಿಗೆಗೆ ಬಂತು. ಕತೆ ಶುರುವಾದಲ್ಲಿಗೆ ಮುಟ್ಟಿದೆವಲ್ಲ?

"ಕಳವಿನ ಮಾಲು ಅದು, ದಶರಥ. ಕೊಟ್ಟುಬಿಡು."

"ಸುಟ್ಟಮ್ಯಾಲ ಯಾವ ಮಾಲು, ಯಾರ ಮಾಲು?"

ಕಡ್ಡಿ ಗೀರಿದ!

ನನ್ನ ಮೊಣಕೈ ಆಳಿನ ಹೊಟ್ಟೆಗೆ ಹೋಯಿತು. ಕುಡುಗೋಲು ಕುತ್ತಿಗೆ ತರಚಿ ಕೆಳಗೆ ಬಿತ್ತು. ಅಷ್ಟರಲ್ಲಿ ಬಾಣಲೆ ಭಗ್ ಎಂದಿತು. ಯೋಚನೆ ಮಾಡಲಿಲ್ಲ. ಯೋಚನೆ ಮಾಡಿದ್ದರೆ ಮತ್ತೆ ಬೀಡಿ ಹುಡುಕುತ್ತಿದ್ದೆನೇನೋ. ಬಲಗೈ ಬೆಂಕಿಗೆ ಹಾಕಿ ಕಪ್ಪು ಸೀರೆ ಎಳೆದೆ, ಮಣ್ಣಿನಲ್ಲಿ ಹೊರಳಿಸಿದೆ. ಬಾಣಲೆಯನ್ನು ದಶರಥನ ಕಡೆಗೆ ಒದ್ದೆ. ಅವನು ಧೋತರ ಎತ್ತಿಕೊಂಡು ಓಡಿದ.

ಸೆರಗಿನ ಒಂದು ಮೂಲೆ ಕರಕಾಗಿತ್ತು. ನನ್ನ ಅಂಗೈ ಕೂಡ.

ಸಂಜೆಯ ಹೊತ್ತಿಗೆ ಸೀರೆ ಶಿವಯೋಗೆಪ್ಪನ ಮುಂದಿತ್ತು. ದಾರಿಯುದ್ದಕ್ಕೂ ಯಾರ ಹೆಸರು ಹೇಳಬೇಕೆಂದು ಯೋಚಿಸುತ್ತ ಬಂದಿದ್ದೆ. ಅವನು ಕೇಳಲೇ ಇಲ್ಲ. ಕೂಸನ್ನು ನೋಡುವಂತೆ ಸೀರೆಯನ್ನು ತಿರುವಿ ನೋಡಿದ.

ಬಾಗಿಲಲ್ಲಿ ಅಕ್ಕನಾಗಮ್ಮ ನಿಂತಿದ್ದಳು. ಅವಳೇ ಬಾಯಿಬಿಟ್ಟಳು.

"ನಾನ ಕೊಟ್ಟೇನ್ರಿ. ನನ್ನ ಕೈಯಾರೆ ಕೊಟ್ಟೆ! ಬೇಕಾದ್ರ ಬಡೀರಿ, ಬೈರಿ!"

ಶಿವಯೋಗೆಪ್ಪ ತಲೆ ಎತ್ತಲಿಲ್ಲ.

"ಕಸೂತಿಗೆ ಏನೂ ಆಗಿಲ್ಲ," ಎಂದ. "ಶಂಕ್ರಿ ಪುಣ್ಯಾ!"

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಗೋಡೆ ಹಿಡಿದು ಕೆಳಗೆ ಕೂತಳು. ನಾನು ಸಾಹುಕಾರನ ರಟ್ಟೆ ಹಿಡಿದು ಎಬ್ಬಿಸಿದೆ.

"ಸೀರಿ ಎಲ್ಲಿಗೂ ಹೋಗೂದಿಲ್ರಿ. ನಡೀರಿ ಠಾಣೇಕ, ನನ್ನ ತಮ್ಮನ್ನ ಬಿಡಸ್ರಿ!"

ಬಾಬುಸಾಬ ಕುಂಟುತ್ತ ಹೊರಗೆ ಬಂದ. ಗಾಡಿಯ ಹಿಂದೆ ಕೂರಿಸಿಕೊಂಡು ಮನೆಗೆ ತಂದೆ. ಮುಮತಾಜ ಓಡಿ ಬಂದು ಅವನ ಮುಖ ಹಿಡಿದು ಅತ್ತಳು, ನಕ್ಕಳು, ಬೈದಳು. ಬಹಳ ಹೊತ್ತಿನ ಮೇಲೆ ನನ್ನ ನೆನಪಾಯಿತು.

"ನೀವು ಇಲ್ಲಂದ್ರ ನಾವು ಇಲ್ರಿ, ಭಾವಾರ! ಒಳಗ ಬರ್ರಿ, ಉಂಡು ಹೋಗ್ರಿ."

"ಹಸಿವಿಲ್ಲ," ಎಂದೆ. ಸುಟ್ಟ ಕೈ ಜೇಬಿನಲ್ಲಿತ್ತು.

ಬಾಗಿಲು ಮುಚ್ಚಿತು. ಒಳಗೆ ನಗು ಶುರುವಾಯಿತು.

ಅಕ್ಕನಾಗಮ್ಮ ಪುಣ್ಯವಂತೆ... ಅವಳ ಸವತಿ ಸತ್ತಾದರೂ ಹೋಗಿದ್ದಾಳೆ. ನನ್ನ ಸವತಿಯನ್ನು ನಾನೇ ಗಾಡಿಯ ಮೇಲೆ ಕೂರಿಸಿಕೊಂಡು ಮನೆಗೆ ಬಿಟ್ಟು ಬಂದೆ!