ಯಕ್ಷಿತಾ ಹೊಗಳದ ಫಾರ್ವರ್ಡ್

ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬಂದವನನ್ನು ಕಂಡು ಗಲ್ಲಾದಲ್ಲಿ ಕುಳಿತಿದ್ದ ಯಕ್ಷಿತಾ ಎಣಿಸುತ್ತಿದ್ದ ನೋಟುಗಳನ್ನು ಹಾಗೇ ಕೆಳಗಿಟ್ಟಳು. ಈಶ್ವರ, ಮುಂಬೈ ಬಾಸ್ಕೆಟ್‌ಬಾಲ್ ತಂಡದ ಫಾರ್ವರ್ಡ್ ಆಟಗಾರ.

ವಡಾಲದ ಈ ಹೋಟೆಲು ಅವಳಪ್ಪ ಮೋನಪ್ಪನದು. ಬೆಳಿಗ್ಗೆ ಇಲ್ಲಿ ಗಲ್ಲಾ ನೋಡಿಕೊಂಡು, ಸಂಜೆ ಕಾಂದಿವಲಿಯ ಸ್ಟುಡಿಯೋದಲ್ಲಿ ಅವಳು ಲೀಗ್ ಪಂದ್ಯಗಳಿಗೆ ಕನ್ನಡ ಕಾಮೆಂಟರಿ ಹೇಳುತ್ತಿದ್ದಳು. ಅವಳ ನಾಲಿಗೆಗೆ ಹೆಚ್ಚು ಸಿಕ್ಕಿದವನು ಇವನೇ. ಜಗಳಕ್ಕೇ ಬಂದಿದ್ದಾನೆ ಅಂದುಕೊಂಡಳು.

ಅವನು ನಿಧಾನವಾಗಿ ಬನ್ಸ್ ತಿಂದು, ಚಹಾ ಕುಡಿದು, ಗಲ್ಲಾದ ಮುಂದೆ ಬಂದು ನಿಂತ.

"ನನ್ನ ಎಡಗೈ ಬರೇ ಶೋಕಿಗೆ ಅಂದ್ರಲ್ರೀ. ಅವತ್ತಿಂದ ನಮ್ಮವ್ವ ನನ್ನ ಕೈಲಿ ಎಡಗೈಲೇ ರೊಟ್ಟಿ ಬಡಸಾಕತ್ತಾಳ."

ನಗು ತಡೆಯಲು ಅವಳು ತುಟಿ ಕಚ್ಚಿಕೊಂಡಳು. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ತುಂಟತನವಿತ್ತು. ಅವನ ತಾಯಿ ರಾಚವ್ವ ವಿಜಯಪುರದ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದು ಭಾಂಡುಪ್‌ನಲ್ಲಿ ನೆಲೆಯಾದವಳಂತೆ. ಬಜಾರಿಗೆ ಬೇಕಾದಷ್ಟು ಹಿಂದಿ ಬರುತ್ತದಂತೆ. ಆದರೆ ಮಗನ ಆಟ ಅರ್ಥವಾಗುವುದು ಯಕ್ಷಿತಾಳ ಬಾಯಿಂದ ಮಾತ್ರ. ಯಕ್ಷಿತಾ ಹೇಳಿದ್ದೇ ತಾಯಿಗೆ ಖರೆ.

"ಸುಳ್ಳು ಹೊಗಳ್ಲಿಕ್ಕೆ ನನಗೆ ಬರುದಿಲ್ಲ," ಎಂದಳು ಬಿಗುವಿನಿಂದ.

"ಸುಳ್ಳು ಬ್ಯಾಡ್ರಿ. ಖರೇದು ಒಂದು ಸಿಕ್ಕರ ಹೇಳ್ರಿ, ಅವ್ವಗ ಖುಷಿ ಆಗ್ತದ."

ಒಂದು ಸಿಗುವುದೇನು, ಅವಳ ಹತ್ತಿರ ರಾಶಿ ಇತ್ತು. ರಿಂಗಿಗೆ ಬಡಿದ ಚೆಂಡು ಎತ್ತ ಸಿಡಿಯುತ್ತದೆಂದು ಎಲ್ಲರಿಗಿಂತ ಮೊದಲು ಅವನಿಗೆ ತಿಳಿಯುತ್ತದೆ. ಜೊತೆಗಾರನಿಗೆ ದಾರಿಯಾಗಲೆಂದು ಎದುರಾಳಿಯ ಡಿಕ್ಕಿಗೆ ತಾನೇ ಎದೆಯೊಡ್ಡಿ ನಿಲ್ಲುತ್ತಾನೆ. ಬಿದ್ದರೂ ರೆಫರಿಯ ಕಡೆ ಮುಖ ಗಂಟಿಕ್ಕಿ ನೋಡುವುದಿಲ್ಲ. ಆದರೆ ಇದನ್ನೆಲ್ಲ ಹೇಳಹೊರಟರೆ ಮೈಕಿನೆದುರು ಅವಳ ದನಿ ಕರಗಿಬಿಡುತ್ತಿತ್ತು. ಆಮೇಲೆ ಊರಿಗೆಲ್ಲ ಗುಟ್ಟು ರಟ್ಟು. ಅದಕ್ಕೇ ಅವಳು ತಪ್ಪುಗಳನ್ನು ಹಿಡಿದುಕೊಂಡಿದ್ದಳು: ಯಾವಾಗಲೂ ಬಲಕ್ಕೇ ನುಗ್ಗುತ್ತಾನೆ, ಡಿಫೆನ್ಸಿಗೆ ತಡವಾಗಿ ಓಡುತ್ತಾನೆ, ಕೊನೆಗಳಿಗೆಯಲ್ಲಿ ಚೆಂಡು ಬಂದರೆ ಕೈ ಸುಟ್ಟವನಂತೆ ಇನ್ನೊಬ್ಬನಿಗೆ ದಾಟಿಸುತ್ತಾನೆ. ತಪ್ಪು ಹೇಳುವಾಗ ದನಿ ಗಟ್ಟಿಯಾಗಿರುತ್ತದೆ ನೋಡಿ.

ಆಮೇಲೆ ಪ್ರಾಕ್ಟೀಸ್ ಮುಗಿದಾಗಲೆಲ್ಲ ಅವನು ಬರತೊಡಗಿದ. ಅಷ್ಟು ಹೋಟೆಲುಗಳಿರುವ ಊರಲ್ಲಿ ಅವನಿಗೆ ಇದೇ ಬೇಕು. ಲೋಟವನ್ನು ಬೇಕೆಂದೇ ಎಡಗೈಯಲ್ಲಿ ಎತ್ತಿ ಹಿಡಿದು, ಅದರಂಚಿನ ಮೇಲಿಂದ ಅವಳನ್ನು ನೋಡುತ್ತಿದ್ದ. ಅವಳು ಎಣಿಸಿದ ಚಿಲ್ಲರೆಯನ್ನೇ ಮತ್ತೆ ಎಣಿಸುತ್ತಿದ್ದಳು. ಅವನು ಬಾರದ ದಿನ ಮಾತ್ರ ಗಿರಾಕಿಗಳ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದಳು.

ಸೀಸನ್ ಮುಗಿಯುವ ಹೊತ್ತಿಗೆ ಜೊತೆಯ ಕಾಮೆಂಟೇಟರ್ ಪ್ರೀತಮ್ ಸುದ್ದಿ ತಂದ: ಈಶ್ವರನನ್ನು ದಿಲ್ಲಿ ತಂಡ ತೆಗೆದುಕೊಂಡಿದೆ, ಮುಂಬೈಗೆ ಇದೇ ಕಡೆಯ ಪಂದ್ಯ. ಯಕ್ಷಿತಾ ಕೈಯಲ್ಲಿದ್ದ ಆಟಗಾರರ ಪಟ್ಟಿಯಲ್ಲಿ ಅವನ ಹೆಸರನ್ನೇ ಹುಡುಕಿದಳು. ಮನಸ್ಸಿನಲ್ಲಿದ್ದದ್ದನ್ನು ಹೇಳದೇ ಹೋದರೆ ಅವನು ಹೋಗಿಯೇಬಿಡುತ್ತಾನೆ. ಹೇಳೋಣವೆಂದರೆ ಯಾವ ಬಾಯಿಂದ?

ಪಂದ್ಯದ ಕೊನೆಯ ಕ್ಷಣಗಳಲ್ಲಿ ಅಂಕಗಳು ಸಮನಾಗಿದ್ದವು. ಚೆಂಡು ಈಶ್ವರನ ಕೈಗೆ ಬಂತು. ಇಬ್ಬರು ಅವನ ಮೇಲೆ ಮುಗಿಬಿದ್ದರು. ಅವನು ಎಂದಿನಂತೆ ಮೂಲೆಯಲ್ಲಿದ್ದ ಜೊತೆಗಾರನಿಗೆ ದಾಟಿಸಿದ. ಆ ಹುಡುಗ ಎಸೆದದ್ದು ಬುಟ್ಟಿಗೆ ಬಿತ್ತು. ತಂಡವೆಲ್ಲ ಆ ಜೊತೆಗಾರನನ್ನು ಎತ್ತಿ ಕುಣಿಸಿತು.

ಬೈಯಬೇಕಿದ್ದ ಯಕ್ಷಿತಾ ಮೈಕಿನಲ್ಲಿ ಹೇಳಿದಳು: "ನೋಡಿ, ಚೆಂಡು ಕೊಟ್ಟು ಪಕ್ಕಕ್ಕೆ ನಿಂತು ನಗ್ತಾ ಇದ್ದಾರೆ. ಇಂಥವರನ್ನು ಕಳಿಸಿಕೊಡ್ಲಿಕ್ಕೆ ಮನಸ್ಸಾದ್ರೂ ಹೇಗೆ ಬರ್ತದೆ..."

ಮುಂದೆ ಬರೀ ಬಿಕ್ಕು. ಪ್ರೀತಮ್ ಗಾಬರಿಯಿಂದ ಮಾತು ಮುಂದುವರಿಸಿದ.

ಮರುದಿನ ಈಶ್ವರ ಬ್ಯಾಗು ಹೊತ್ತೇ ಹೋಟೆಲಿಗೆ ಬಂದ. ಚಹಾ ಹೇಳಲಿಲ್ಲ.

"ಆ ಹುಡುಗಿ ಆಟ ನೋಡಿ ಅತ್ಲೋ, ನಿನ್ನ ನೋಡಿ ಅತ್ಲೋ ಅಂತ ಅವ್ವ ರಾತ್ರಿಯೆಲ್ಲಾ ಕೇಳಿದ್ಲು. ನಾ ಏನ್ ಹೇಳಿದ್ರೂ ಆಕಿ ನಂಬೂದಿಲ್ರೀ. ನೀವೇ ಹೇಳ್ರಿ."

ಫೋನು ಹಚ್ಚಿ ಅವಳತ್ತ ಚಾಚಿದ. ಅಡುಗೆಮನೆಯ ಬಾಗಿಲಲ್ಲಿ ಮೋನಪ್ಪ ನಿಂತಿರುವುದು ಯಕ್ಷಿತಾಳಿಗೆ ಕಾಣುತ್ತಿತ್ತು. ಆದರೂ ಫೋನು ತೆಗೆದುಕೊಂಡಳು. ಗಂಟೆಗಟ್ಟಲೆ ಎಡೆಬಿಡದೆ ಮಾತಾಡುವವಳಿಗೆ ಒಂದು ಮಾತು ಹುಡುಕುವುದು ಕಷ್ಟವಾಯಿತು.

"ಅಮ್ಮಾ," ಎಂದಳು ಅವನನ್ನೇ ನೋಡುತ್ತ, "ನಿನ್ನೆ ಆಟ ನನಗೆ ಕಾಣ್ಲೇ ಇಲ್ಲ."

ಆ ಕಡೆಯಿಂದ ರಾಚವ್ವನ ದನಿ ಮೆತ್ತಗೆ ಬಂತು.

"ಅವ ದಿಲ್ಲಿಗೆ ಹೋದ್ರ ಹೋಗ್ಲಿ. ನೀ ಮನಿಗೆ ಬಾ, ನನ್ನವ್ವಾ."

ಈಶ್ವರನಿಗೆ ಅದು ಕೇಳಿಸಲಿಲ್ಲ. ಅವ್ವ ಏನಂದಳೆಂದು ಕಣ್ಣಲ್ಲೇ ಕೇಳಿದ. ಯಕ್ಷಿತಾ ನಗುತ್ತ ಫೋನನ್ನು ಅವನ ಎಡಗೈಗಿಟ್ಟಳು.